ಜಿಪ್ಪಿಗೊಂದು ಬೀಗ

ಆ ಶನಿವಾರ ನಾವು ಮಾಡಿದ ಕೆಲಸಗಳು ಇಷ್ಟು: ಅಂಗಳ ಗುಡಿಸಿ ನೀರು ಹಾಕಿದೆ, ಹಾಲು ಕಾಯಿಸಿ ಉಳಿದದ್ದಕ್ಕೆ ಹೆಪ್ಪು ಹಾಕಿದೆ, ಹುಳುಕಿಲ್ಲದ ಬದನೆಕಾಯಿ ಆರಿಸಿ ಚೀಲಕ್ಕೆ ತುಂಬಿದೆ, ರಾಗಿಹಿಟ್ಟು ಜರಡಿ ಹಿಡಿದೆ, ಚಾಪೆ ಕೊಡವಿದೆ, ಮನೆಗೆ ಬೀಗ ಹಾಕಿದೆವು. ಬೀಗ ಹಾಕುವುದನ್ನೂ ಒಂದು ಕೆಲಸವೆಂದು ಬರೆಯುತ್ತಾಳಲ್ಲ ಎಂದು ನಗಬೇಡಿ. ನಮ್ಮ ಮನೆಯಲ್ಲಿ ಅಡುಗೆಗಿಂತ ಬೀಗಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ. ಏಕೆಂದರೆ ನಮ್ಮ ಮನೆಯಲ್ಲಿ ಭಾವನವರಿದ್ದಾರೆ!

ಭಾವನವರೆಂದರೆ ನಮ್ಮ ಯಜಮಾನರ ಅಣ್ಣ. ಮದುವೆಯ ಗೋಜಿಗೇ ಹೋಗದೆ ಕಡೂರಿನ ಮನೆಯಲ್ಲಿ ನಮ್ಮೊಂದಿಗೇ ಇರುವವರು. ಪಂಪ್‌ಸೆಟ್ ರಿಪೇರಿಯಲ್ಲಿ ಎತ್ತಿದ ಕೈ. ಸುತ್ತಲಿನ ಮೋಟಾರುಗಳೆಲ್ಲ ಅವರ ಮಾತು ಕೇಳುತ್ತವೆ. ಬೀಗವೊಂದು ಮಾತ್ರ ಇವತ್ತಿಗೂ ಅವರ ನಂಬಿಕೆ ಗಳಿಸಿಲ್ಲ. ಹಾಕುತ್ತಾರೆ, ಎಳೆದು ನೋಡುತ್ತಾರೆ, ಬೀದಿಯ ತಿರುವಿನವರೆಗೆ ಹೋಗಿ ವಾಪಸು ಬರುತ್ತಾರೆ, ಮತ್ತೆ ಜೋತುಬಿದ್ದು ಎಳೆಯುತ್ತಾರೆ. ಕಳ್ಳ ಬಂದರೂ ಅಷ್ಟು ಜೋರಾಗಿ ಎಳೆಯಲಾರ! ರಾತ್ರಿಯಂತೂ ಮುಂಬಾಗಿಲು, ಹಿತ್ತಿಲ ಬಾಗಿಲು, ಗೇಟು ಎಂದು ಸುತ್ತು ಹಾಕುವುದರಲ್ಲೇ ಬೆಳಗಾಗುತ್ತದೆ. ಕಣ್ಣು ಸದಾ ಕೆಂಪು. ಬಿ.ಪಿ. ನೋಡಿದ ಡಾಕ್ಟರು, "ಮಾತ್ರೆ ಜಾಸ್ತಿ ಮಾಡೋದು ದೊಡ್ಡದಲ್ಲ. ಮೊದ್ಲು ಒಂದು ರಾತ್ರಿ ಪೂರ್ತಿ ನಿದ್ದೆ ಮಾಡ್ಕೊಂಡು ಬನ್ನಿ" ಎಂದರು. ಭಾವನವರು ಎದ್ದು ಬರುವಾಗ ಡಾಕ್ಟರ ಬೀರುವಿನ ಹಿಡಿಯನ್ನೊಮ್ಮೆ ಎಳೆದು ನೋಡಿ ಬಂದರು. ಇವರು ಒಂದು ರಾತ್ರಿಯಾದರೂ ಕಣ್ತುಂಬ ಮಲಗಲಿ ಎನ್ನುವುದು ನಮಗೆಲ್ಲ ಹರಕೆಯೇ ಆಗಿಹೋಗಿತ್ತು.

ಹಿಂದೊಮ್ಮೆ ಅಜ್ಜಂಪುರದಲ್ಲಿ ಒಂದು ಮದುವೆ. ಬಸ್ಸು ಬೀರೂರು ಮುಟ್ಟುವಷ್ಟರಲ್ಲಿ ಭಾವನವರು ಎದ್ದು ನಿಂತರು.

"ಬೀಗ ಹಾಕಿದ್ನೇನೋ?"

"ಹಾಕಿದ್ದೀಯ ಕಣಣ್ಣ, ನಾನೇ ನೋಡಿದೆ" ಎಂದರು ಯಜಮಾನರು.

"ನೀನು ನೋಡಿದ್ದು ನಾನು ಎಳೆದು ನೋಡಿದ್ದನ್ನ. ಹಾಕಿದ್ದನ್ನಲ್ಲ!"

ಇಳಿದು ಹೋಗಿಯೇ ಬಿಟ್ಟರು. ನಾವು ಊಟದ ಪಂಕ್ತಿಯಲ್ಲಿ ಕುಳಿತು ಪಾಯಸಕ್ಕೆ ಬಂದಿದ್ದಾಗ ನಗುನಗುತ್ತಾ ಬಂದರು. ಪಕ್ಕದಲ್ಲಿ ಕುಳಿತು ಜೇಬಿನಿಂದ ಬೀಗ ತೆಗೆದು ಎಲೆಯ ಪಕ್ಕ ಇಟ್ಟರು.

"ಇನ್ನು ಹಾಕಿದ್ನೋ ಇಲ್ವೋ ಅನ್ನೋ ತಾಪತ್ರಯನೇ ಬೇಡ ಅಂತ ಬೀಗಾನೇ ತಂದ್ಬಿಟ್ಟೆ ಕಣಮ್ಮ."

"ಮತ್ತೆ ಮನೆಗೇನು ಹಾಕಿ ಬಂದ್ರಿ ಭಾವ?"

ಅವರು ಎಲೆಯ ಮೇಲಿನ ಕೋಸಂಬರಿಯನ್ನೂ ಮುಟ್ಟದೆ ಎದ್ದು ಓಡಿದ್ದನ್ನು ನೆನೆದು ಆ ಮದುವೆಮನೆಯ ಬೀಗರು ಇವತ್ತಿಗೂ ನಗುತ್ತಾರೆ.

ಇಂಥವರನ್ನು ಮನೆಯಿಂದ ಹೊರಗೆ ಮಲಗಿಸುವ ಧೈರ್ಯ ಯಾರಿಗಿದ್ದೀತು? ಕಾಲೇಜು ಓದುವ ನಮ್ಮ ಮಗಳಿಗಿತ್ತು. ಫೋನಿನಲ್ಲೇ ಒಂದು ಟೆಂಟು ತರಿಸಿದಳು. ಸಖರಾಯಪಟ್ಟಣದ ಹತ್ತಿರ ನನ್ನ ತಮ್ಮನ ತೆಂಗಿನ ತೋಟವಿದೆ, ಅಲ್ಲಿ ನಾಲ್ವರೂ ಒಂದು ರಾತ್ರಿ ಕಳೆಯಬೇಕೆಂದು ಹಟ ಹಿಡಿದಳು. ಮೊದಲು ಅಂಗಳದಲ್ಲಿ ಹಾಕಿ ತೋರಿಸಿದಳು. ಭಾವನವರು ಸುತ್ತ ಪ್ರದಕ್ಷಿಣೆ ಬಂದರು.

"ಚಿಲಕ ಎಲ್ಲೇ?"

"ಚಿಲಕ ಇಲ್ಲ ದೊಡ್ಡಪ್ಪ, ಜಿಪ್ಪು."

"ಲೇ, ಜಿಪ್ಪು ಪ್ಯಾಂಟಿಗಿರೋದು ಕಣೇ, ಮನೆಗಲ್ಲ!"

ಪಕ್ಕದ ಮನೆಯಿಂದ ಕರಿಬೇವು ತರಲು ಹೋಗಿ ಬಂದು ನೋಡುತ್ತೇನೆ, ಟೆಂಟಿನೊಳಗಿಂದ ಮೂರು ದನಿ ಒಟ್ಟಿಗೆ ಕೂಗುತ್ತಿವೆ. ಆಗಿದ್ದಿಷ್ಟು. ಭಾವನವರು ಯಜಮಾನರನ್ನೂ ಮಗಳನ್ನೂ ಒಳಗೆ ಕೂರಿಸಿಕೊಂಡು, ಜಿಪ್ಪಿನ ಎರಡು ಹಿಡಿಗಳನ್ನು ಸೇರಿಸಿ, ಒತ್ತಿದರೆ ಬೀಳುವ ಪುಟ್ಟ ಬೀಗವೊಂದನ್ನು ಹಾಕಿದ್ದರು. ಅದರ ಕೀ ಮನೆಯೊಳಗೆ, ಗೂಟಕ್ಕೆ ಸಿಕ್ಕಿಸಿದ ಅಂಗಿಯ ಜೇಬಿನಲ್ಲಿ. ಟೆಂಟಿಗೆ ಹೋಗುವ ಮೊದಲು ಮನೆಗೆ ಬೀಗ ಹಾಕದೆ ಇರುತ್ತಾರೆಯೇ? ಅದರ ಕೀ ಅವರ ಸೊಂಟದಲ್ಲಿ, ಟೆಂಟಿನೊಳಗೆ!

ಕೊನೆಗೆ ಜಿಪ್ಪಿನ ಸಂದಿಯಿಂದ ಮನೆಯ ಕೀ ಹೊರಗೆ ಬಂತು, ನಾನು ಮನೆ ತೆಗೆದೆ, ಅದೇ ಸಂದಿಯಿಂದ ಟೆಂಟಿನ ಕೀ ಒಳಗೆ ಹೋಯಿತು. ಹೊರಬಂದ ಭಾವನವರ ಮುಖದಲ್ಲಿ ನಾಚಿಕೆ ಇತ್ತೆಂದುಕೊಂಡಿರಾ? "ಪರ್ವಾಗಿಲ್ಲ, ಭದ್ರವಾಗೈತೆ" ಎಂದರು!

ಆ ಸಂತೋಷದಲ್ಲೇ ಆ ಶನಿವಾರ ಹೊರಟಿದ್ದು. ಪಕ್ಕದ ಮನೆಯ ಅಜ್ಜಿ ಆಗಾಗ ಬಂದು ನಮ್ಮ ಬೀಗ ಎಳೆದು ನೋಡುತ್ತೇನೆಂದು ಮಾತು ಕೊಟ್ಟ ಮೇಲೆ, ಅಜ್ಜಿ ಎಳೆಯುವ ರೀತಿಯನ್ನು ಪರೀಕ್ಷಿಸಿದ ಮೇಲೆ.

ತೋಟದಲ್ಲಿ ನನ್ನ ತಮ್ಮ, "ಮರದಡಿ ಬ್ಯಾಡಿ ಭಾವ, ಕಾಯಿ ಬಿದ್ರೆ ಕಷ್ಟ" ಎಂದ. ಭಾವನವರು ಮೇಲೆ ನೋಡಿ, "ಹೌದಪ್ಪ, ಮೇಲಿಂದ ಬರೋನಿಗೆ ಯಾವ ಬೀಗ ಹಾಕಾನ?" ಎಂದು ತಾವೇ ಟೆಂಟನ್ನು ಬಯಲಿಗೆ ಎಳೆದರು. ಮೂರು ಕಲ್ಲಿಟ್ಟು ಒಲೆ ಹೂಡಿದೆ. ಮಗಳು ಊದಿ ಊದಿ ಕಣ್ಣೀರು ಸುರಿಸಿದಳು. ಯಜಮಾನರು ಮುದ್ದೆ ತಿರುವಿ ಅರ್ಧ ಕೋಲಿಗೇ ಮೆತ್ತಿದರು. ಭಾವನವರು ಮಾತ್ರ ಜಿಪ್ಪನ್ನು ಎಳೆದು ಬಿಟ್ಟು, ಎಳೆದು ಬಿಟ್ಟು ನೋಡುತ್ತಿದ್ದರು.

ಉಂಡು ಮಲಗಿದೆವು. ಆ ತುದಿಗೆ ನಾನು, ಪಕ್ಕದಲ್ಲಿ ಮಗಳು, ಆಮೇಲೆ ಯಜಮಾನರು, ಬಾಗಿಲಿಗೆ ಭಾವನವರು. ಸ್ವಲ್ಪ ಹೊತ್ತಿಗೆ ಅವರ ಕೈ ಕತ್ತಲಲ್ಲಿ ತಡಕಾಡಿತು. ಯಜಮಾನರ ತಲೆ ಸಿಕ್ಕಿತು. ಇನ್ನೂ ಚಾಚಿದರು, ಮಗಳ ಜಡೆ ಸಿಕ್ಕಿತು.

"ನಿಮ್ಮಮ್ಮ ಅವ್ಳೇನೇ?"

ನಾನು ಬಳೆ ಅಲ್ಲಾಡಿಸಿದೆ.

"ಎಲ್ರೂ ಇಲ್ಲೇ ಸಿಕ್ತೀರಲ್ಲ!" ಎಂದರು, ಹೊಸದೇನನ್ನೋ ಕಂಡುಹಿಡಿದವರಂತೆ. ಆಮೇಲೆ ಮೆಲ್ಲಗೆ, "ಅವ್ವನ್ನ ಇಂಥದ್ರಲ್ಲಿ ಮಲಗಿಸ್ಕೋಬೇಕಿತ್ತು ಕಣೋ. ಎದ್ರೆ ಕೈಗೇ ಸಿಗೋಳು."

ನಮ್ಮ ಅತ್ತೆಯವರಿಗೆ ಕೊನೆಕೊನೆಗೆ ಎಲ್ಲ ಮರೆತುಹೋಗಿತ್ತು. ಸ್ವಂತ ಮನೆಯಲ್ಲೇ ಇದ್ದುಕೊಂಡು "ಮನೆಗೆ ಹೋಗ್ತೀನಿ" ಎಂದು ಚಿಲಕ ತೆಗೆದು ಹೊರಟುಬಿಡುತ್ತಿದ್ದರು. ಒಮ್ಮೆ ಬೀರೂರು ರಸ್ತೆಯಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದವರನ್ನು ಭಾವನವರೇ ಎತ್ತಿಕೊಂಡು ಬಂದರು. ಬೀಗ ಎಳೆದು ನೋಡುವುದನ್ನು ಅವರು ಕಲಿತದ್ದು ಆ ದಿನದಿಂದ. ಅತ್ತೆಯವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಆದರೆ ಇನ್ನು ಕಾಯುವುದು ಬೇಡ ಎಂದು ಭಾವನವರ ಕೈಗೆ ಯಾರೂ ಹೇಳಿರಲಿಲ್ಲ.

ಈಗ ನಮ್ಮ ಟೆಂಟು ಲಿಂಗದಹಳ್ಳಿಯ ಗದ್ದೆಬಯಲನ್ನೂ ಪಂಚನಹಳ್ಳಿಯ ಹೊಲವನ್ನೂ ಕಂಡು ಬಂದಿದೆ. ಶನಿವಾರ ಬಂತೆಂದರೆ ಟೆಂಟಿನ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತು, "ಏನಮ್ಮ, ಇನ್ನೂ ಬೀಗ ಹಾಕ್ಲಿಲ್ವಾ?" ಎಂದು ನನ್ನನ್ನೇ ಗದರುವವರು ಭಾವನವರೇ!

ಆ ಮೊದಲ ದಿನ ಉಂಡದ್ದು ಹುರುಳಿಕಾಳಿನ ಸಾರು, ಕೋಲಿಗೆ ಮೆತ್ತಿ ಉಳಿದ ಮುದ್ದೆ, ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಗೊಜ್ಜು, ಮೇಲೊಂದೊಂದು ಎಳನೀರು. ಮೊದಲು ನಿದ್ದೆಹೋದವರು ಭಾವನವರು. ಮಗಳ ಜಡೆ ಇನ್ನೂ ಅವರ ಕೈಯಲ್ಲೇ ಇತ್ತು, ಜಿಪ್ಪು ತೆರೆದೇ ಇತ್ತು. ನಾನೇ ಎದ್ದು ಹೋಗಿ, ಸದ್ದಾಗದ ಹಾಗೆ ಎಳೆದೆ.