ಹಂಡೆಯಲ್ಲಿ ತೇಲಿದ ಕಲ್ಲು

ಕಲ್ಲು ತೇಲುತ್ತದೋ ಇಲ್ಲವೋ ಎಂದು ಗಜಾನನ ಮಾಷ್ಟ್ರು ಬೆಳಗಾಗೆದ್ದು ಪರೀಕ್ಷೆ ಮಾಡಬಾರದಿತ್ತು. ಮಾಡಿದರೂ, ತಾನು ಬಾಡಿಗೆಗಿದ್ದ ಮನೆಯ ಯಜಮಾನ್ತಿ ಪರಮೇಶ್ವರಿಯಮ್ಮನ ತಾಮ್ರದ ಹಂಡೆಯಲ್ಲಿ ಮಾಡಬಾರದಿತ್ತು.

ಅವರ ಅವಸರವೂ ಸುಳ್ಳಲ್ಲ. ಪುಂಜಾಲಕಟ್ಟೆಯ ಶಾಲೆಯಲ್ಲಿ ಮೂರು ವರ್ಷದಿಂದ ಹಂಗಾಮಿ ಕೆಲಸ. ಖಾಯಂ ಆಗದೆ ಮಗಳನ್ನು ಕೊಡುವುದಿಲ್ಲವೆಂದು ವೇಣೂರಿನ ವಾಗ್ದೇವಿಯ ಅಪ್ಪ ಹೇಳಿಬಿಟ್ಟಿದ್ದರು. ಆ ದಿನ ಹನ್ನೊಂದಕ್ಕೆ ಹೊಸ ಇನ್ಸ್‌ಪೆಕ್ಟರು ಬಂದು, ಪಾಠ ನೋಡಿ, ಒಳ್ಳೆಯ ಮಾತು ಬರೆದರೆ ಕೆಲಸವೂ ಖಾಯಂ, ಮದುವೆಯೂ ಖಾಯಂ.

ಪಾಠ ಅಗ್ನಿಶಿಲೆಗಳದು. ಗ್ರಾನೈಟ್ ನೆಲದಡಿಯಲ್ಲಿ ನಿಧಾನವಾಗಿ ತಣಿದ ಗಟ್ಟಿ ಕಲ್ಲು, ಮುಳುಗುತ್ತದೆ. ಪ್ಯೂಮಿಸ್ ಜ್ವಾಲಾಮುಖಿಯ ನೊರೆ ಹಾಗೆಯೇ ಗಟ್ಟಿಯಾದದ್ದು, ಮೈತುಂಬ ತೂತು, ತೇಲುತ್ತದೆ. ಗ್ರಾನೈಟಿಗೆ ಊರಲ್ಲಿ ಬರವಿರಲಿಲ್ಲ. ಪ್ಯೂಮಿಸನ್ನು ಮಾತ್ರ ಮಂಗಳೂರಿನ ಚಿಕ್ಕಮ್ಮನಿಂದ ಬೇಡಿ ತಂದಿದ್ದರು.

ಅದು ಹಂಡೆಯಲ್ಲಿ ಬೆಂಡಿನ ಹಾಗೆ ತೇಲಿತು. ಮಾಷ್ಟ್ರು ಖುಷಿಯಲ್ಲಿ ಗಂಜಿ ಉಣ್ಣಲು ಒಳಗೆ ಹೋದರು. ತಿರುಗಿ ಬರುವಾಗ ಕಲ್ಲು ಬಾಳೆಲೆಯ ಮೇಲೆ ಕೂತು, ಕುಂಕುಮ ಹಚ್ಚಿಸಿಕೊಂಡು, ದಾಸವಾಳ ಮುಡಿದಿತ್ತು.

"ನಮ್ಮ ಹಂಡೆಗೆ ಬಂದಿದೆ ಮಾಷ್ಟ್ರೇ, ರಾಮದೇವರು ಸೇತುವೆ ಕಟ್ಟಿದ ಕಲ್ಲು," ಎಂದರು ಪರಮೇಶ್ವರಿಯಮ್ಮ.

"ಅದು ಪಾಠದ ಕಲ್ಲು ಅಮ್ಮ. ನಾನೇ ಹಾಕಿದ್ದು."

"ನಿಮ್ಮ ಕೈಯಲ್ಲಿ ಹಾಕಿಸಿದ್ದು ಯಾರು?"

ಮಾಷ್ಟ್ರು ಕಲ್ಲಿಗೆ ಕೈ ಚಾಚಿದರು. ಪಕ್ಕದ ಮನೆಯ ಲೋಲಾಕ್ಷಿ ಆಗಲೇ ಬಿಸಿ ಹಾಲಿನ ತಂಬಿಗೆ ಹಿಡಿದು ನಿಂತಿದ್ದಳು.

"ಹನ್ನೊಂದಕ್ಕೆ ನಾನೇ ಶಾಲೆಗೆ ತಂದು ಕೊಡ್ತೇನೆ. ಅಷ್ಟರಲ್ಲಿ ನಾಲ್ಕು ಜನ ಅಭಿಷೇಕ ಮಾಡ್ಲಿ," ಎಂದರು ಪರಮೇಶ್ವರಿಯಮ್ಮ. ಮಾಷ್ಟ್ರು ಒಪ್ಪಿದರು. ಒಪ್ಪದೆ ಏನು ಮಾಡುತ್ತಾರೆ?

ನಾಲ್ಕು ಜನ ನಲವತ್ತಾದರು. ಬಂಟ್ವಾಳದ ಬಸ್ಸಿನಿಂದ ಇಳಿದವರೂ ಬಂದು ಹಾಲು, ಎಳನೀರು ಸುರಿದು, ತೀರ್ಥ ಕುಡಿದು ಹೋದರು.

ಹನ್ನೊಂದಕ್ಕೆ ಸರಿಯಾಗಿ ಹರಿವಾಣದಲ್ಲಿ ಕಲ್ಲು ಬಂತು. ಇನ್ಸ್‌ಪೆಕ್ಟರು ಮುಂದಿನ ಬೆಂಚಿನಲ್ಲಿ ಕೂತಿದ್ದರು.

"ಈಗ ಎರಡನ್ನೂ ನೀರಿಗೆ ಬಿಡುವ," ಎಂದರು ಮಾಷ್ಟ್ರು.

ಗ್ರಾನೈಟ್ ಬುಳುಂಕನೆ ಮುಳುಗಿತು. ಪ್ಯೂಮಿಸ್ ಅದರ ಹಿಂದೆಯೇ ಹೋಗಿ ತಳ ಸೇರಿತು.

"ಹಾಗಾದ್ರೆ ವ್ಯತ್ಯಾಸ ಎಂತದು ಮಾರಾಯ್ರೆ?" ಎಂದು ಹೆಡ್ಮಾಷ್ಟ್ರು ಸಂಕಪ್ಪನವರು ಮೆಲ್ಲನೆ ಕೇಳಿದರು.

ಮಾಷ್ಟ್ರ ಕಣ್ಣ ಮುಂದೆ ವಾಗ್ದೇವಿ ಬೇರೆ ಯಾರದೋ ಕೈಹಿಡಿದು ಹೋದಂತಾಯಿತು. ಸಿಟ್ಟು ನೆತ್ತಿಗೇರಿತು.

"ಸಾರ್, ತಪ್ಪು ಕಲ್ಲಿನದ್ದಲ್ಲ. ಬೆಳಗ್ಗಿನಿಂದ ಬುದ್ಧಿಯಿಲ್ಲದವರು ಹಾಲು ಹೊಯ್ದು ಹೊಯ್ದು ಅದರ ತೂತೆಲ್ಲ ತುಂಬಿಸಿದ್ದಾರೆ. ಇದು ನನ್ನ ಚಿಕ್ಕಮ್ಮ ಹಿಮ್ಮಡಿ ತಿಕ್ಕುವ ಕಲ್ಲು ಸಾರ್. ಇದನ್ನು ತೊಳೆದ ನೀರನ್ನು ತೀರ್ಥ ಅಂತ ಕುಡಿದ ಮೂಢರೂ ಈ ಊರಲ್ಲಿ ಇದ್ದಾರೆ."

ಮಕ್ಕಳು ಬಿದ್ದು ಬಿದ್ದು ನಕ್ಕರು. ಇನ್ಸ್‌ಪೆಕ್ಟರು ನಗಲಿಲ್ಲ. ಕರವಸ್ತ್ರ ತೆಗೆದು ತುಟಿ ಒರೆಸಿಕೊಂಡರು, ಮತ್ತೊಮ್ಮೆ ಒರೆಸಿಕೊಂಡರು.

"ವಿವರಣೆ ಸರಿ ಉಂಟು," ಎಂದರು. "ನನ್ನ ಊರಿಗೆ ವರ್ಗ ಆಗಲಿ ಅಂತ ನಾನೇ ಎರಡು ತಂಬಿಗೆ ಹಾಲು ಹೊಯ್ದಿದ್ದೆ. ತೀರ್ಥ ಮೂರು ಸಲ ತೆಗೊಂಡೆ."

ಮತ್ತೆ ಪೆನ್ನು ತೆಗೆದು ಬರೆದರು: "ವಿಷಯಜ್ಞಾನ ಉತ್ತಮ. ಮಾತಿನಲ್ಲಿ ವಿನಯ ಸಾಲದು. ಇನ್ನೆರಡು ವರ್ಷ ಹಂಗಾಮಿಯಾಗಿಯೇ ಮುಂದುವರಿಸಿ ನೋಡಬಹುದು."