ಬಾಲ್ಕನಿಯಲ್ಲಿ ಬಿಸಿಲು ಕಾಯಿಸಿದ ಇಂಗ್ಲಿಷ್ ಹೂವು

ನಿವೃತ್ತಿಯಾದವನು ಸುಮ್ಮನೆ ಕೂರಬೇಕು ಅನ್ನುತ್ತಾರೆ. ನಾನು ಕೂತೇ ಇರುತ್ತೇನೆ ಮಾರಾಯ್ರೇ, ಪ್ರಸಂಗಗಳೇ ಮೆಟ್ಟಿಲು ಹತ್ತಿ ಬರುತ್ತವೆ. ಮಸ್ಕತ್ತಿನಲ್ಲಿ ಈಗ ನನ್ನ ವೀಸಾ ಇರುವುದು ಹೆಂಡತಿಯ ಶಾಲೆಯ ಕೆಲಸದ ಮೇಲೆ. ಅಂದರೆ ಕಟ್ಟಿಕೊಂಡವಳೇ ನನ್ನ ಕಫೀಲ್, ಇಲ್ಲಿಯವರ ಮಾತಲ್ಲಿ ವೀಸಾ ಕೊಡಿಸಿದ ಧಣಿ!

೧. ನುಗ್ಗೆಯ ತಂಗಿ

ಮೇಲಿನ ಮನೆಯ ಇಂಗ್ಲಿಷ್ ಮೇಡಂ ತಮ್ಮೂರು ಇಂಗ್ಲೆಂಡಿನಲ್ಲಿ ರಜೆ ಮುಗಿಸಿ ಬರುವಾಗ ಒಂದು ಪೊಟ್ಟಣ ಒಣಹೂ ತಂದುಕೊಟ್ಟರು. ಎಲ್ಡರ್‌ಫ್ಲವರ್ ಅಂತೆ. ಸಕ್ಕರೆ ಪಾಕದಲ್ಲಿ ನಿಂಬೆಯ ಜೊತೆ ನೆನೆಸಿ ಸೋಸಿದರೆ ಅವರಜ್ಜಿ ಮಾಡುತ್ತಿದ್ದ ಶರಬತ್ತು ಸಿದ್ಧ.

ಹೆಂಡತಿ ಮೂಸಿ ನೋಡಿದಳು. "ಇದು ನುಗ್ಗೆ ಹೂವಲ್ವಾ? ಕಾಯಿತುರಿ ಹಾಕಿ ಪಲ್ಯ ಮಾಡ್ತೇನೆ."

ಪೊಟ್ಟಣವನ್ನು ಕಸಿದು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಇನ್ನೊಂದು ಬೀಗದಕೈ ಕಫೀಲ್ ಹತ್ತಿರವೇ ಇದೆ ಎಂಬುದು ಆಮೇಲೆ ನೆನಪಾಯಿತು.

೨. ನಲ್ಲಿ ತೊಳೆಯುವ ಪುಡಿ

ಕೆಳಮನೆಯ ಬ್ಯಾರಿಗಳದ್ದು ಮತ್ರಾ ಪೇಟೆಯಲ್ಲಿ ದಿನಸಿ ಅಂಗಡಿ. ಶರಬತ್ತು ಕೆಡದಿರಲು ಸಿಟ್ರಿಕ್ ಆಸಿಡ್ ಬೇಕೆಂದು ಹೋದೆ.

"ಎಂತ ಶೆಟ್ರೇ, ಮನೆಯಲ್ಲಿ ನಲ್ಲಿ ತೊಳೆಯುವ ಕೆಲಸವೂ ನಿಮಗೇ ಬಂತಾ?"

"ಅಲ್ಲ, ಹೂವಿನ ಶರಬತ್ತಿಗೆ."

ಅವರ ಮುಖ ಅರಳಿತು. "ಹಾಗಾದರೆ ಶುಕ್ರವಾರದ ಇಫ್ತಾರಿಗೆ ನಿಮ್ಮದೇ ಶರಬತ್ತು. ಮಗಳ ಹೊಸ ಬೀಗರು ಬರ್ತಾರೆ. ನನ್ನ ಮರ್ಯಾದೆ ನಿಮ್ಮ ಬಾಟಲಿಯಲ್ಲಿ!"

ಕುಣಿಯುತ್ತಾ ಬಂದೆ. ಪುಡಿ ಅಂಗಡಿಯಲ್ಲೇ ಉಳಿಯಿತು.

೩. ಉಪ್ಪಿನಕಾಯಿ ಶಾಸ್ತ್ರ

ಪುಡಿ ಇಲ್ಲದೆಯೇ ಹೂವು ನೆನೆಸಿ ಸೋಸಿ ಬಾಟಲಿಗಳಿಗೆ ತುಂಬಿದೆ. ಮೇಡಂ ಫ್ರಿಜ್ಜಿನಲ್ಲಿಡಿ ಅಂದಿದ್ದರು. ನಮ್ಮ ಫ್ರಿಜ್ಜಿನ ತುಂಬ ಬಂಗುಡೆ. ಮೀನಿನ ಪಕ್ಕ ಹೂವಿಡುವುದುಂಟೇ? ಊರಲ್ಲಿ ಉಪ್ಪಿನಕಾಯಿಗೆ ಬಿಸಿಲು ಕಾಯಿಸುವ ಹಾಗೆ ಬಾಟಲಿಗಳಿಗೆ ಬಿಗಿಯಾಗಿ ಬಿರಡೆ ಜಡಿದು ಬಾಲ್ಕನಿಯಲ್ಲಿ ಸಾಲಾಗಿ ನಿಲ್ಲಿಸಿದೆ.

ಶುಕ್ರವಾರ ಮಧ್ಯಾಹ್ನ, ಢಂ! ಬಿರಡೆ ಹಾರಿ ಎದುರುಮನೆಯ ಮಂಗಳೂರು ಬಾಯಮ್ಮನ ಬಟ್ಟೆಹಗ್ಗಕ್ಕೆ ಬಡಿಯಿತು. ಪ್ರತಿ ಕ್ರಿಸ್‌ಮಸ್ಸಿಗೆ ಊರಿಗೆ ಹೋಗಿ ದ್ರಾಕ್ಷಿ ವೈನ್ ಹಾಕುವ ಕೈ ಅವರದು. ಓಡಿಬಂದು ಮೂಸಿದರು.

"ದೇವರೇ! ಶೆಟ್ರೇ, ಇದು ಹುಳಿಬಂದು ಪೂರಾ ವೈನ್ ಆಗಿದೆ. ಇದನ್ನು ಇಫ್ತಾರಿಗೆ ಕೊಡ್ತೀರಾ?"

"ಖಲಾಸ್!" ಎಂದು ಕಫೀಲ್ ಎಲ್ಲವನ್ನೂ ಸಿಂಕಿಗೆ ಸುರಿದಳು.

ಬಾಯಮ್ಮ ಸಿಂಕನ್ನೇ ನೋಡುತ್ತಾ ನಿಟ್ಟುಸಿರಿಟ್ಟರು. "ನನ್ನದು ಯಾವತ್ತೂ ಇಷ್ಟು ಚಂದ ಬಂದದ್ದಿಲ್ಲ."

೪. ಅಜ್ಜಿಯ ಕೈರುಚಿ

ಬೀಗರು ಬರುವ ಹೊತ್ತು. ಹೆಂಡತಿ ಗಡಿಬಿಡಿಯಲ್ಲಿ ನಿಂಬೆ ಹಿಂಡಿ, ಸಕ್ಕರೆ, ಏಲಕ್ಕಿ ಹಾಕಿ ಅವೇ ಬಾಟಲಿಗಳನ್ನು ತೊಳೆದು ತುಂಬಿದಳು. "ಯಲ್ಲಾ, ನಡೆಯಿರಿ!"

ಕೆಳಗೆ ಹೋದರೆ ಇಂಗ್ಲಿಷ್ ಮೇಡಂ ಕೂಡ ಕೂತಿದ್ದಾರೆ! ಬ್ಯಾರಿಗಳು ಬೀಗರಿಗೆ ಸಾರಿಯೇಬಿಟ್ಟರು: "ಹೂವು ಇವರದು, ಕೈ ನಮ್ಮ ಶೆಟ್ರದು."

ಬಾಂಗ್ ಆಯಿತು. ಖರ್ಜೂರ ತಿಂದು ಎಲ್ಲರೂ ಶರಬತ್ತು ಕುಡಿದರು. ಮೇಡಂ ಒಂದು ಗುಟುಕು ಹೀರಿ ಕಣ್ಣು ಮುಚ್ಚಿದರು. ಬೀಗರು, ಬ್ಯಾರಿಗಳು, ನಾನು, ಎಲ್ಲರ ಕಣ್ಣೂ ಅವರ ಮೇಲೆ. ಸತ್ಯ ಹೇಳಿಬಿಡೋಣವೆಂದು ಬಾಯಿ ತೆರೆದೆ.

ಅಷ್ಟರಲ್ಲಿ ಮೇಡಂ ಕಣ್ಣೊರೆಸಿಕೊಂಡರು. "ಥೇಟ್ ನಮ್ಮಜ್ಜಿ ಮಾಡುತ್ತಿದ್ದ ಹಾಗೇ ಇದೆ!"

ಬೀಗರು ಎರಡನೇ ಲೋಟಕ್ಕೆ ಕೈಚಾಚಿದರು. ಹೆಂಡತಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು:

"ಅವರಜ್ಜಿಯದ್ದೂ ಸಿಂಕಿಗೇ ಹೋಗಿರಬೇಕು."