ದೊರೆಯ ಎಂಜಲು

"ಈ ಇಲಿಯನ್ನ ನಾನು ಸಾಕ್ತೀನಿ! ಇವತ್ತಿಂದ ಇದಕ್ಕೆ ತಾಯಿ ನಾನೇ, ಆಯಾ ನಾನೇ, ಕಾಯಿಲೆ ಬಿದ್ರೆ ಡಾಕ್ಟ್ರೂ ನಾನೇ!"

ಅಡುಗೆಮನೆಯ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಾನು ಹೀಗೆ ಘೋಷಿಸಿದ ಗತ್ತಿಗೆ ಸಿಂಹಾಸನದಲ್ಲಿ ಕೂತವರೂ ಎದ್ದು ನಿಲ್ಲಬೇಕಿತ್ತು. ಆದರೆ ಎದುರಿಗಿದ್ದವಳು ನನ್ನ ಸೊಸೆ. ಅವಳು ಪಾತ್ರೆ ತಿಕ್ಕುವುದನ್ನೂ ನಿಲ್ಲಿಸಲಿಲ್ಲ.

"ಕಾಯಿಲೆ ಬೀಳೋದು ಅದಲ್ಲ ಅತ್ತೆ, ನೀವು," ಎಂದಳು.

ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಅವಳ ನಾಲಿಗೆಯ ಮೇಲೆ ಮಚ್ಚೆ ಇದೆಯೇನೋ, ಆಡಿದ ಮಾತು ಆಗಿಯೇ ತೀರುತ್ತದೆ.

ಇಲಿ ನನ್ನದಲ್ಲ, ಮೊಮ್ಮಗಳದ್ದು. ಸಾಕುಪ್ರಾಣಿಗಳ ಅಂಗಡಿಯಿಂದ ಕೊಂಡು ತಂದು ಮುದ್ದಾಗಿ ಸಾಕಿದ್ದಳು. ಮೈಯೆಲ್ಲ ಬಿಳಿ, ತಲೆಗೆ ಮಾತ್ರ ಬೂದು ಟೋಪಿ ಹಾಕಿದಂತೆ ಬಣ್ಣ. ಅವಳು ಓದಲು ಹಾಸ್ಟೆಲಿಗೆ ಹೊರಟಾಗ ಅಲ್ಲಿಯವರು ಇಲಿಗೆ ಸೀಟಿಲ್ಲ ಎಂದರಂತೆ. ಅಂಗಡಿಗೇ ವಾಪಸ್ಸು ಕೊಟ್ಟುಬಿಡೋಣ ಎಂದಳು ಸೊಸೆ. ಮಗ ಯಾವತ್ತಿನಂತೆ "ಹೂಂ" ಎಂದ. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ಇಂಜಿನ್ನಿನ ಜೊತೆ ದಿನವಿಡೀ ಮಾತಾಡಿ ಬರುವವನಿಗೆ ಮನೆಯವರಿಗೆಂದು ಉಳಿಯುವುದು ಆ ಒಂದು ಹೂಂ ಮಾತ್ರ.

ನನಗೆ ಆ ಇಲಿ ಯಾಕೆ ಬೇಕಾಗಿತ್ತು ಅಂದರೆ, ಮನೆಯಲ್ಲಿ ಹಗಲು ಹೊತ್ತು ಉಸಿರಾಡುವ ಪ್ರಾಣಿ ಬೇರೆ ಯಾವುದೂ ಇರಲಿಲ್ಲ.

ನನ್ನ ಯಜಮಾನರು ಟೈಲರು. ಮುಂದಿನ ಕೋಣೆಯೇ ಅಂಗಡಿ. ಅವರು ಬಟ್ಟೆ ಕತ್ತರಿಸಿ ಹೊಲಿಯೋರು, ನಾನು ಕಾಜಾ ಹಾಕಿ ಗುಂಡಿ ಕೂರಿಸೋಳು. ಸಾಯಂಕಾಲ ಮಿಷನ್ನು ನಿಂತ ಮೇಲೆ ಟೀ ಜೊತೆ ಬ್ರೆಡ್ಡು. ಬ್ರೆಡ್ಡಿನ ತುದಿಯ ಗಟ್ಟಿ ತುಂಡು ಇರುತ್ತದಲ್ಲ, ಅದಕ್ಕೆ ನಮ್ಮಿಬ್ಬರದೂ ಪೈಪೋಟಿ. ಕೊನೆಗೆ ಅವರೊಂದು ಕಡೆ ಕಚ್ಚೋರು, ಮಿಕ್ಕಿದ್ದನ್ನು ನನಗೆ ಕೊಡೋರು. ಎಂಜಲು ಗಿಂಜಲು ಎಂದು ಒಂದು ದಿನವೂ ಎಣಿಸಿದವರಲ್ಲ ನಾವು. ಅವರು ಹೋದ ಮೇಲೆ ಮಿಷನ್ನಿನ ಮೇಲೆ ಹಳೇ ಬೆಡ್‌ಶೀಟು ಹೊದಿಸಿದೆವು. ತುದಿಯ ತುಂಡು ಇಡಿಯಾಗಿ ನನಗೇ ಸಿಗತೊಡಗಿತು. ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಸೊಸೆ ಹಾಲಿನ ಪ್ಯಾಕೆಟ್ಟು ತುಂಬುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿ ಕೂದಲಿಗೆ ಟೋಪಿ, ಕೈಗೆ ಗ್ಲೌಸು, ಕಾಲಿಗೆ ಬೂಟು. ನೊಣ ಕೂಡ ಕಾಲು ತೊಳೆದೇ ಒಳಗೆ ಬರಬೇಕಂತೆ! ಅದೇ ಕಾನೂನನ್ನು ಅವಳು ಮನೆಗೂ ಹೊತ್ತು ತಂದಳು.

"ಅತ್ತೆ, ಸರಿಯಾಗಿ ಕೇಳಿಸ್ಕೊಳ್ಳಿ. ಪಂಜರ ತೊಳೆಯೋವಾಗ ಗ್ಲೌಸು. ಮುಟ್ಟಿದ ಮೇಲೆ ಸೋಪು. ಮುತ್ತು ಕೊಡೋ ಹಾಗಿಲ್ಲ. ನಿಮ್ಮ ತಟ್ಟೇಲಿ ಊಟ ಹಾಕೋ ಹಾಗಿಲ್ಲ. ಅದರ ಉಚ್ಚೆಯಿಂದಲೂ ಜ್ವರ ಬರುತ್ತೆ, ಬಾಯಿಂದಲೂ ಬರುತ್ತೆ."

"ನಿನ್ನ ಗಂಡನ್ನ ನಾನು ಗ್ಲೌಸು ಹಾಕ್ಕೊಂಡು ಸಾಕಿದ್ನೇನೇ? ಅವನ ಉಚ್ಚೆಯಲ್ಲೇ ಮಿಂದವಳು ನಾನು!"

"ಅದಕ್ಕೇ ನೋಡಿ, ಅವರು ಹಿಂಗಿರೋದು," ಎಂದು ಗ್ಲೌಸಿನ ಡಬ್ಬಿಯನ್ನು ನನ್ನ ಮಡಿಲಿಗೆ ಎಸೆದು ಕೆಲಸಕ್ಕೆ ಹೋದಳು. ಗ್ಲೌಸನ್ನು ನಾನು ಗುಂಡಿ ತುಂಬಿಡಲು ಉಪಯೋಗಿಸಿದೆ. ಬೆರಳಿಗೊಂದು ಬಣ್ಣ, ಬಹಳ ಅನುಕೂಲ.

ಇಲಿಗೆ ದೊರೆ ಎಂದು ಹೆಸರಿಟ್ಟೆ. ಪಂಜರದ ಬಾಗಿಲು ತೆಗೆದರೆ ಸಾಕು, ಸೆರಗು ಹಿಡಿದು ಹತ್ತಿ ನನ್ನ ಹೆಗಲ ಮೇಲೆ ಸವಾರಿ! ಬೇರೆ ಟೈಲರುಗಳ ಬಟ್ಟೆಗೆ ನಾನು ಗುಂಡಿ ಹಾಕುವಾಗ ಕಿವಿಯ ಹತ್ತಿರ ಮೂಗು ತಂದು ಮೇಲುಸ್ತುವಾರಿ. ಚಿಂದಿ ಬಟ್ಟೆಯ ಚೀಲದಲ್ಲಿ ಮಧ್ಯಾಹ್ನದ ನಿದ್ದೆ. ಸಾಯಂಕಾಲ ಟೀ ಹೊತ್ತಿಗೆ ಯಜಮಾನರ ಕುರ್ಚಿಯ ಕೈ ಮೇಲೆ ಬಂದು ಕೂತು ಮೀಸೆ ಕುಣಿಸುತ್ತಿತ್ತು. ಬ್ರೆಡ್ಡಿನ ತುದಿ ಮುರಿದು ಹಾಕಿದರೆ ಮೂಸಿಯೂ ನೋಡದು. ನನ್ನ ಬಾಯಲ್ಲಿದ್ದ ತುಂಡೇ ಬೇಕು! ಹೆಗಲೇರಿ, ಗಲ್ಲ ಹಿಡಿದು, ತುಟಿಯಿಂದಲೇ ಕಿತ್ತುಕೊಳ್ಳುತ್ತಿತ್ತು. ಅರ್ಧ ತಿಂದು ಬಿಟ್ಟಿದ್ದನ್ನು ನಾನು ತಿನ್ನುತ್ತಿದ್ದೆ. ಬಿಸಾಡಲು ಮನಸ್ಸು ಬರುತ್ತಿರಲಿಲ್ಲ. ಹೀಗೆ ಬಹಳ ಕಾಲದ ಮೇಲೆ ಆ ತುಂಡು ಗಂಟಲಲ್ಲಿ ಇಳಿಯಿತು.

ಒಂದು ದಿನ ದೊರೆಯ ಗುರಿ ತಪ್ಪಿತು. ಬ್ರೆಡ್ಡಿಗೆ ಹಾಕಿದ ಬಾಯಿ ನನ್ನ ಕೆಳತುಟಿಗೆ ಬಿತ್ತು. ಹಲ್ಲು ಎರಡು, ರಕ್ತ ಒಂದೇ ಹನಿ. ತಪ್ಪು ಅದಕ್ಕೂ ಗೊತ್ತಾಯಿತು, ಓಡಿಹೋಗಿ ಚಿಂದಿಯಲ್ಲಿ ಮುಖ ಮುಚ್ಚಿಕೊಂಡಿತು. ನಾನೇ ಸಮಾಧಾನ ಹೇಳಿದೆ.

ಸಂಜೆ ಸೊಸೆ ಬಂದವಳೇ ನನ್ನ ಮುಖವನ್ನು ಹಾಲಿನ ಪ್ಯಾಕೆಟ್ಟು ತಪಾಸಣೆ ಮಾಡುವಂತೆ ದಿಟ್ಟಿಸಿದಳು.

"ತುಟಿಗೇನಾಯ್ತು?"

"ದಾರ ಹಲ್ಲಲ್ಲಿ ಕಚ್ಚಿ ತುಂಡು ಮಾಡ್ತಿದ್ದೆ. ಸೂಜಿ ಚುಚ್ಚಿತು."

"ಸೂಜಿಗೆ ಎರಡು ಮೊನೆ ಯಾವಾಗ ಬಂತು ಅತ್ತೆ?"

"ಎರಡು ಸಲ ಚುಚ್ಚಿತು! ವಯಸ್ಸಾದೋರ ತುಟಿ ನೋಡ್ಕೊಂಡು ಕೂರೋಕೆ ನಿನಗೆ ಬೇರೆ ಕೆಲಸ ಇಲ್ವಾ?"

ಅವಳು ಮೂಗು ಮುರಿದು ಒಳಗೆ ಹೋದಳು. ಗಾಯ ನೋಡನೋಡುತ್ತ ಮಾಯಿತು. ಗೆದ್ದೆ ಎಂದುಕೊಂಡೆ. ಬೆಂಕಿ ಆರಿದೆ ಎಂದು ಬೂದಿಯ ಮೇಲೆ ಕೂತವಳ ಹಾಗೆ.

ಚಳಿ ಹಿಡಿದದ್ದು ಆಮೇಲೆ. ಎಂಥ ಚಳಿ! ಮಂಚ ನಡುಗಿ, ಗೋಡೆಗೆ ತಾಗಿ, ಪಕ್ಕದ ಮನೆಯವರು ಯಾರೋ ಬಾಗಿಲು ಬಡಿಯುತ್ತಿದ್ದಾರೆಂದು ಎದ್ದು ಬಂದರು. ಜ್ವರ, ವಾಂತಿ, ತಲೆ ಸಿಡಿತ. ಕೀಲುಗಳಲ್ಲಿ ಯಾರೋ ಕಾಜಾ ಹಾಕುತ್ತಿದ್ದಾರೆ ಅನ್ನಿಸುವ ನೋವು. ಬೆರಳು ಮಡಚಲಾಗದೆ ಸೂಜಿ ಕೈಯಿಂದ ಜಾರಿತು. ಅಂಗೈಯಲ್ಲಿ, ಅಂಗಾಲಲ್ಲಿ ಕೆಂಪು ಚುಕ್ಕೆಗಳೆದ್ದವು.

ಮಗ ಕ್ಲಿನಿಕ್ಕಿಗೆ ಕರೆದೊಯ್ದ. ಡಾಕ್ಟರು ಕಣ್ಣು, ನಾಲಿಗೆ ನೋಡಿದರು.

"ಮನೇಲಿ ನಾಯಿ ಬೆಕ್ಕು ಇದೆಯಾ?"

"ಇಲ್ಲ," ಎಂದ ಮಗ. ಸತ್ಯವಂತ! ಕೇಳಿದ್ದಕ್ಕಷ್ಟೇ ಉತ್ತರ.

"ಏನಾದ್ರೂ ಕಚ್ಚಿತ್ತಾ ಅಜ್ಜಿ?"

ಹೇಳಿದರೆ ದೊರೆ ಅಂಗಡಿಗೆ ವಾಪಸ್ಸು. ಕುರ್ಚಿ ಮತ್ತೆ ಖಾಲಿ. "ಸೂಜಿ ಚುಚ್ಚಿತ್ತು," ಎಂದೆ. ಡಾಕ್ಟರು ನಕ್ಕು ಜ್ವರದ ಮಾತ್ರೆ ಬರೆದುಕೊಟ್ಟರು. ಜ್ವರ ಬಿಟ್ಟಿತು. ದಣಿವಾರಿಸಿಕೊಂಡು ಮತ್ತೆ ಬಂತು. ಈ ಸಲ ಹಾಸಿಗೆ ಬುತ್ತಿ ಕಟ್ಟಿಕೊಂಡೇ ಬಂದಿತ್ತು.

ನನ್ನ ಟೈಮು ಮುಗಿಯಿತು ಎಂದು ತೀರ್ಮಾನಿಸಿದೆ. ಹೋಗುವವಳು ಮರ್ಯಾದೆಯಿಂದ ಹೋಗಬೇಕಲ್ಲ? ಆಸ್ತಿ ಹಂಚಲು ಸೊಸೆಯನ್ನು ಕರೆದೆ. ಆಸ್ತಿ ಎಂದರೆ ಯಜಮಾನರ ದೊಡ್ಡ ಕತ್ತರಿ. ಅದರಲ್ಲಿ ಬಟ್ಟೆ ಬಿಟ್ಟು ಬೇರೇನನ್ನಾದರೂ ಕತ್ತರಿಸಿದವರ ಕೈ ಉಳಿಸದ ಮನುಷ್ಯ ಅವರು.

"ತಗೋ. ಕಾಗದ ಮಾತ್ರ ಕತ್ತರಿಸಬೇಡ, ಹರಿತ ಹೋಗುತ್ತೆ. ನಾನು ಹೋದ ಮೇಲೆ..."

"ಇನ್ನೊಂದು ಸಲ ಹೋಗೋ ಮಾತಾಡಿದ್ರೆ ಇದರಲ್ಲೇ ನಿಮ್ಮ ನಾಲಿಗೆ ಕತ್ತರಿಸ್ತೀನಿ," ಎಂದಳು. ಎಂದವಳು ಗೋಡೆ ಕಡೆ ತಿರುಗಿ ನಿಂತಳು. ಆ ಗೋಡೆಯಲ್ಲಿ ನೋಡಲು ಏನೂ ಇರಲಿಲ್ಲ.

ಮರುದಿನ ಅವಳು ಕೆಲಸಕ್ಕೆ ಹೋದ ಮೇಲೆ ನನಗೆ ಉಸಿರು ಸಿಕ್ಕಿಕೊಂಡಂತಾಯಿತು. ಮಗ ಆಟೋ ತಂದು ಆಸ್ಪತ್ರೆಗೆ ಹೊರಡಿಸಿದ. ಅವನು ಚಪ್ಪಲಿ ಹುಡುಕುವಷ್ಟರಲ್ಲಿ ನಾನೊಂದು ಕೆಲಸ ಮಾಡಿದೆ. ನಿಲ್ಲಲು ಆಗದವಳು ಅದನ್ನು ಹೇಗೆ ಮಾಡಿದೆನೋ! ನಾನಿಲ್ಲದಾಗ ಸೊಸೆ ದೊರೆಯನ್ನು ಸಾಗಹಾಕಿಬಿಟ್ಟರೆ? ಪಂಜರದಿಂದ ತೆಗೆದು ಚಿಂದಿ ಚೀಲದಲ್ಲಿ ಕೂರಿಸಿ, ಚೀಲವನ್ನು ಮಡಿಲಲ್ಲಿ ಅಪ್ಪಿಕೊಂಡೆ.

"ಇದ್ಯಾಕಮ್ಮ ಚೀಲ?"

"ಬಟ್ಟೆ."

"ಹೂಂ," ಎಂದ ಮಗ.

ವಾರ್ಡಿನಲ್ಲಿ ಮಲಗಿಸಿದರು. ಕ್ಲಿನಿಕ್ಕಿನಲ್ಲಿ ಹೇಳಿದ ಸೂಜಿಯ ಕತೆಯನ್ನೇ ಇಲ್ಲೂ ಹೇಳಿದೆ. ಮಂಚದ ಮೇಲೆ ನಾನು, ದಿಂಬಿನ ಪಕ್ಕ ಚೀಲ, ಚೀಲದೊಳಗೆ ದೊರೆ. ಎದೆಗೆ ಕೊಳವೆ ಒತ್ತಿ ಕೇಳುತ್ತಿದ್ದ ಡಾಕ್ಟರಮ್ಮನ ಹುಬ್ಬು ಗಂಟಾಯಿತು.

"ಅಜ್ಜಿ, ಇದು ನಿಮ್ಮ ಹೊಟ್ಟೆ ಸದ್ದಾ? ಕಿರ್ ಕಿರ್ ಅಂತಿದೆ."

"ಹಸಿವು ಕಣಮ್ಮ," ಎಂದೆ. ಕೀಲು ನೋಯುತ್ತಿದ್ದರೂ ನಾಲಿಗೆ ಚುರುಕಾಗಿತ್ತು.

ಅಷ್ಟರಲ್ಲಿ ಸೊಸೆ ಓಡಿಬಂದಳು. ತಲೆಗೆ ಕಾರ್ಖಾನೆಯ ಟೋಪಿ ಇನ್ನೂ ಹಾಗೇ ಇದೆ, ಮುಖ ಬಿಳಿಚಿದೆ. ನಾನು ಕಣ್ಣು ಮುಚ್ಚಿದೆ. ನಿದ್ದೆ ಬಂದವರ ಮುಂದೆ ಜನ ನಿಜ ಮಾತಾಡುತ್ತಾರೆ. ಅವಳು ಗಂಡನನ್ನು ಪಕ್ಕಕ್ಕೆಳೆದು ಪಿಸುಗುಟ್ಟಿದಳು.

"ರೀ, ನಿಮ್ಮಮ್ಮನ ಕೆಲವು ಸೀರೆ ತರೋಣ ಅಂತ ಮನೆಗೆ ಹೋಗಿದ್ದೆ. ದೊರೆ ಪಂಜರದಲ್ಲಿಲ್ಲ! ಮಂಚದ ಕೆಳಗೆ, ಮಿಷನ್ನೊಳಗೆ, ಚರಂಡೀಲಿ, ಎಲ್ಲ ಕಡೆ ಹುಡುಕಿದೆ. ಇವರಿಗೆ ಹೇಳ್ಬೇಡಿ. ಅದು ಹೋಯ್ತು ಅಂತ ಗೊತ್ತಾದ್ರೆ ಇವರು ಉಳಿಯಲ್ಲ. ಅಂಥದ್ದೇ ಬೂದು ತಲೆ ಇಲಿ ಅಂಗಡೀಲಿ ಸಿಗುತ್ತಾ ನೋಡಿ, ಈಗಲೇ ಹೋಗಿ!"

ಇವಳನ್ನು ನಾನು ಇಲಿಯ ವೈರಿ ಎಂದುಕೊಂಡಿದ್ದೆ! ನನ್ನ ಮುಚ್ಚಿದ ಕಣ್ಣಿನಿಂದ ನೀರು ಕಿವಿಯೊಳಗೆ ಹರಿಯಿತು.

ಡಾಕ್ಟರಮ್ಮ ನೆಟ್ಟಗೆ ನಿಂತರು. "ಇಲಿನಾ? ಮನೇಲಿ ಇಲಿ ಸಾಕಿದ್ದೀರಾ? ಯಾರೂ ಹೇಳಲೇ ಇಲ್ವಲ್ಲ!"

"ಕ್ಲಿನಿಕ್ಕಲ್ಲಿ ನಾಯಿ ಬೆಕ್ಕು ಅಂತ ಕೇಳಿದ್ರು," ಎಂದ ಮಗ.

ಸೊಸೆಯ ಧ್ವನಿ ಕೇಳಿದ್ದೇ ತಡ, ಚೀಲದ ಬಾಯಿಂದ ಬೂದು ಟೋಪಿ ಇಣುಕಿತು. ದೊರೆ ರಾಜಗಾಂಭೀರ್ಯದಿಂದ ದಿಂಬು ಹತ್ತಿ, ನನ್ನ ಹೆಗಲೇರಿ, ತುಂಬಿದ ವಾರ್ಡಿನೆದುರು ನನ್ನ ಗಲ್ಲ ಹಿಡಿದು ಬಾಯಿಯೊಳಗೆ ಬ್ರೆಡ್ಡಿದೆಯೇ ಎಂದು ಮೂಸಿತು! ನರ್ಸು ಕಿರುಚಿ ಸ್ಟೂಲು ಹತ್ತಿದಳು. ಎದುರು ಮಂಚದಲ್ಲಿ ಏಳಲಾಗದೆ ಮಲಗಿದ್ದ ಹೆಂಗಸು ಎದ್ದು ಬಾಗಿಲವರೆಗೆ ನಡೆದಳು. ಯಾವ ಔಷಧಿಯೂ ಮಾಡದ ಕೆಲಸ!

ಡಾಕ್ಟರಮ್ಮ ಮಾತ್ರ ಕದಲಲಿಲ್ಲ. ನನ್ನ ತುಟಿಯಲ್ಲಿ ಉಳಿದಿದ್ದ ಎರಡು ಕಲೆ ನೋಡಿದರು, ಅಂಗೈ ತಿರುಗಿಸಿ ಚುಕ್ಕೆ ನೋಡಿದರು.

"ಸೂಜಿ ಅಂತ ಹೇಳಿದ್ದು ಇದೇನಾ ಅಜ್ಜಿ?"

ನಾನು ತಲೆಯಾಡಿಸಿದೆ. ಬ್ರೆಡ್ಡಿನ ಸಂಗತಿಯನ್ನೂ ಒಪ್ಪಿಕೊಂಡೆ.

"ಇದು ಇಲಿ ಕಚ್ಚಿದ ಜ್ವರ ಇರಬೇಕು. ಆರೋಗ್ಯವಾಗಿರೋ ಇಲಿ ಬಾಯಲ್ಲೂ ಅದರ ಕ್ರಿಮಿ ಇರುತ್ತೆ, ಅದಕ್ಕೇನೂ ತೊಂದರೆ ಇಲ್ಲ. ಕಚ್ಚಿದ್ರೆ, ಪರಚಿದ್ರೆ, ಎಂಜಲು ತಿಂದ್ರೆ ನಮಗೆ ಬರುತ್ತೆ. ಸರಿಯಾದ ಔಷಧಿ ಬಿದ್ರೆ ವಾಸಿಯಾಗುತ್ತೆ. ಹೀಗೇ ಮುಚ್ಚಿಟ್ಟಿದ್ರೆ ಹೃದಯಕ್ಕೆ ಇಳಿದು ನಿಮ್ಮನ್ನ ಕರ್ಕೊಂಡೇ ಹೋಗ್ತಿತ್ತು."

ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟಿಗೆ ಕಾಯದೆ ಪೆನಿಸಿಲಿನ್ ಹನಿಹನಿಯಾಗಿ ಕೈಯೊಳಗೆ ಬಿಟ್ಟರು. ಸೊಸೆ ತನ್ನ ಕಾರ್ಖಾನೆ ಗ್ಲೌಸು ತೊಟ್ಟು ದೊರೆಯನ್ನು ಚೀಲಕ್ಕೆ ಹಾಕಿಕೊಂಡಳು.

"ಅಂಗಡಿಗಾ?" ಎಂದೆ. ಧ್ವನಿ ನನ್ನದೇ ಎಂದು ನನಗೇ ಗೊತ್ತಾಗಲಿಲ್ಲ.

ಅವಳು ಚೀಲದ ಬಾಯಿ ಹಿಡಿದುಕೊಂಡು ಹೊರಟುಹೋದಳು. ಮಂಚದಲ್ಲಿ ಮಲಗಿ ಹನಿ ಬೀಳುವುದನ್ನು ನೋಡುತ್ತಿದ್ದೆ. ನಾನು ಉಳಿಯುತ್ತೇನೆ ಎಂದರು. ಖಾಲಿ ಕುರ್ಚಿಯ ಎದುರಿಗೆ ಉಳಿದು ಏನು ಮಾಡಲಿ ಎಂದುಕೊಂಡೆ.

ಜ್ವರ ಇಳಿದು ಮನೆಗೆ ಬಂದಾಗ ಮುಂದಿನ ಕೋಣೆಯಲ್ಲಿ ಪಂಜರ ಫಳಫಳ ಹೊಳೆಯುತ್ತಿತ್ತು. ಒಳಗೆ ದೊರೆ! ಬಾಗಿಲಿಗೆ ಬೀಗ, ಬೀಗದ ಕೈ ಸೊಸೆಯ ಸೊಂಟದಲ್ಲಿ.

"ಪ್ರಾಣಿಗಳ ಡಾಕ್ಟ್ರ ಹತ್ರ ತೋರಿಸ್ಕೊಂಡು ಬಂದೆ," ಎಂದಳು.

"ಏನಂದ್ರು? ದೊರೆಯಿಂದ ನಮಗೆ ಅಪಾಯ ಅಂದ್ರಾ?"

"ಗ್ಲೌಸು, ಸೋಪು ಇದ್ರೆ ಸಾಕಂತೆ. ಅವರು ಹೆದರಿದ್ದು ನಿಮ್ಮ ವಿಷಯಕ್ಕೆ. ಮನುಷ್ಯರ ಬಾಯಿಂದ ಇಲಿಗೂ ಕಾಯಿಲೆ ಅಂಟುತ್ತಂತೆ. 'ಇಲಿ ಚೆನ್ನಾಗಿರಬೇಕಾದ್ರೆ ಆ ಅಜ್ಜಿಯನ್ನ ಸ್ವಲ್ಪ ದೂರ ಇಡಿ' ಅಂದ್ರು."

ತಾಯಿ ನಾನೇ, ಆಯಾ ನಾನೇ, ಡಾಕ್ಟ್ರೂ ನಾನೇ ಎಂದಿದ್ದೆನಲ್ಲ? ಕೊನೆಗೆ ರೋಗವೂ ನಾನೇ ಆದೆ!

ಸಾಯಂಕಾಲ ಟೀ ಬಂತು, ಬ್ರೆಡ್ಡೂ ಬಂತು. ದೊರೆ ಸರಳಿನ ಹಿಂದಿನಿಂದ ನೋಡುತ್ತಿತ್ತು. ತುದಿಯ ತುಂಡನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತಿದ್ದೆ. ಸೊಸೆ ಕೈ ಒರೆಸಿಕೊಳ್ಳುತ್ತ ಬಂದು ಯಜಮಾನರ ಕುರ್ಚಿಯಲ್ಲಿ ಕೂತಳು. ಆ ಕುರ್ಚಿಯಲ್ಲಿ ಮನುಷ್ಯರು ಕೂತು ಬಹಳ ದಿನವಾಗಿತ್ತು.

"ಕೊಡಿ, ಅರ್ಧ," ಎಂದು ಕೈ ಚಾಚಿದಳು.

ನನಗೆ ಎದೆ ತುಂಬಿ ಬಂತು. ಸಂಭ್ರಮದಲ್ಲಿ ತುಂಡನ್ನು ಬಾಯಿಗಿಟ್ಟು ಕಚ್ಚಲು ಹೋದೆ.

"ಅತ್ತೆ! ಕೈಯಲ್ಲಿ ಮುರಿದು ಕೊಡಿ! ನನಗಿನ್ನೂ ಬದುಕೋ ಆಸೆ ಇದೆ!"